ಇನ್‌ಕ್ಯುಬೇಟರಿಗೂ ಖಂಡೇಪೂಜೆ

ಇಪ್ಪತ್ತೈದು ವರ್ಷದ ಹಿಂದಿನ ಮಾತು. ದಸರಾ ಹಬ್ಬ ಮುಗಿಸಿ ಖಾನಾಪುರದಿಂದ ಬೆಳಗಾವಿಯ ಲ್ಯಾಬಿಗೆ ಬಂದರೆ ಇನ್‌ಕ್ಯುಬೇಟರ್ ತಣ್ಣಗೆ ಕೂತಿತ್ತು. ಬಾಗಿಲಿಗೆ ಚೆಂಡುಹೂವಿನ ಮಾಲೆ. ಅದರೊಳಗೆ, ಕೆಂಪು ಪೋಷಕ ದ್ರವದಲ್ಲಿ, ಕಾಂಡಕೋಶಗಳಿಂದ ಮನುಷ್ಯನ ನರಕೋಶ ಬೆಳೆಸಲು ಎರಡು ತಿಂಗಳು ಒದ್ದಾಡಿದ್ದೆ. ಮೈಯಷ್ಟೇ ಬಿಸಿ ಬೇಕಾದ ಅವೆಲ್ಲ ಸತ್ತಿದ್ದವು.

“ಮಲ್ಲಪ್ಪಾ, ಮಷೀನ್ ಯಾಕ ಬಂದ್ ಮಾಡಿದಿ?” ಎಂದು ಅಟೆಂಡರನ ಮೇಲೆ ಹರಿಹಾಯ್ದೆ.

“ಖಂಡೇಪೂಜಿ ಅಲ್ಲೇನ್ರಿ ಅಕ್ಕಾರ? ಅವತ್ತ ಮಷೀನ್ ದುಡಿಸಬಾರದ್ರಿ. ಪಾಪ, ಹಗಲೂ ರಾತ್ರಿ ದುಡೀತೈತಿ.”

“ಒಳಗಿನ ಜೀವಾ ಹೋತಲ್ಲೋ ಪುಣ್ಯಾತ್ಮಾ!”

“ಒಳಗ ಬರೇ ಕೆಂಪು ನೀರಿತ್ತಲ್ರಿ.”

ಹಣೆ ಚಚ್ಚಿಕೊಂಡು ಪಕ್ಕಕ್ಕೆ ನೋಡಿದೆ. ಫ್ರಿಜ್ಜಿಗೂ ಮಾಲೆ ಹಾಕಿದ್ದ, ಆದರೆ ಅದು ಗುಂಯ್ ಎನ್ನುತ್ತಿತ್ತು.

“ಮತ್ತ ಇದನ್ನ ಯಾಕ ಬಂದ್ ಮಾಡಿಲ್ಲ?”

“ಅದರಾಗ ಪೂಜಿ ಸಿಹಿ, ನಿಮ್ಮ ಪಾಲಿನ ಕುಂದಾ ಐತ್ರಿ. ಬಂದ್ ಮಾಡಿದ್ರ ಕೆಡತೈತಲ್ರಿ!”

ಖರೇ ಹೇಳಬೇಕೆಂದರೆ, ಕುಂದಾ ಒಂಚೂರೂ ಕೆಟ್ಟಿರಲಿಲ್ಲ.