ಅಳದೆ ಕೈಕೊಟ್ಟ ಮಗಳು

ಕೇಳಿ ಮಾರಾಯ್ರೆ, ಇವತ್ತು ಚರ್ಚಿನಲ್ಲಿ ನನಗೆ ದೊಡ್ಡ ಅನ್ಯಾಯವಾಯಿತು.

ಪ್ರತಿ ಭಾನುವಾರ ಫಾದರ್ ಪ್ರವಚನ ಶುರು ಮಾಡುವಾಗ ನಮ್ಮ ಎಂಟು ತಿಂಗಳ ಮಗಳು ಅಳುತ್ತಾಳೆ. ನಾನು ತ್ಯಾಗಮೂರ್ತಿಯ ಮುಖ ಮಾಡಿ ಅವಳನ್ನು ಎತ್ತಿಕೊಂಡು ಹೊರಗೆ ನಡೆಯುತ್ತೇನೆ. ಅಲ್ಲಿ ಮಾವಿನ ಮರದಡಿ ನನ್ನಂತೆಯೇ ‘ಕಷ್ಟಪಡುವ’ ಅಪ್ಪಂದಿರು ಸೇರಿರುತ್ತಾರೆ. ಕ್ರಿಕೆಟ್, ಪಂಪ್‌ವೆಲ್ ಸರ್ಕಲ್ಲಿನ ಟ್ರಾಫಿಕ್ ಬ್ಲಾಕ್, ಬಂಗುಡೆ ಮೀನಿನ ರೇಟು ಎಲ್ಲ ಮಾತಾಡಿ ಮುಗಿಯುವಾಗ ಪ್ರವಚನವೂ ಮುಗಿದಿರುತ್ತದೆ.

ಇವತ್ತು ಪಾಪಿ ಅಳಲೇ ಇಲ್ಲ, ಗಡದ್ದಾಗಿ ನಿದ್ದೆ ಹೊಡೆದಳು. ನಾನು ಮೆಲ್ಲಗೆ ಅವಳ ಪಾದಕ್ಕೆ ಕಚಗುಳಿ ಇಡುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ, ಹೆಂಡತಿಯ ಅಮ್ಮ, ಅವಳನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಎದ್ದರು.

“ಮಾಂಯ್, ಎಂತ ಮಾಡ್ತೀರಿ? ಅವಳು ಅಳ್ತಾ ಇಲ್ಲ ಅಲ್ವಾ!”

“ಅಳುವ ಮೊದಲೇ ಕೊಂಡು ಹೋಗ್ತೇನೆ. ನೀನು ಪಾಪ, ಯಾವಾಗಲೂ ಹೊರಗೇ. ಇವತ್ತಾದರೂ ದೇವರ ವಾಕ್ಯ ಕೇಳು.”

ಕಿಟಕಿಯಿಂದ ಇಣುಕಿದರೆ, ಅತ್ತೆ ನನ್ನ ಜಾಗದಲ್ಲೇ ಕೂತು, ಪರ್ಸಿನಿಂದ ಚಕ್ಕುಲಿ ತೆಗೆದು ನನ್ನ ಗ್ಯಾಂಗಿಗೆ ಹಂಚುತ್ತಿದ್ದರು!

ಒಂದೇ ಮಗು ಸಾಕೆಂದು ಹೆಂಡತಿಯ ಜೊತೆ ಎಷ್ಟೋ ದಿನದಿಂದ ವಾದ ಮಾಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ, “ಇನ್ನೊಂದು ಮಗು ಇರಲಿ” ಅಂದೆ. ಅವಳ ಕಣ್ಣು ತುಂಬಿ ಬಂತು.

ಮರದಡಿ ಹೋಗಲು ನನಗೂ ಒಂದು ಬೇಕಲ್ಲ; ಆ ಕಾರಣ ಗೊತ್ತಾದದ್ದು ಅತ್ತೆಗೆ ಮಾತ್ರ.