ಆರಿದ ಆವಿಗೆಯ ಮೇಲೆ ಒಂದು ನಡಿಗೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಖಾಲಿ ನಿವೇಶನದ ಅಂಚಿನಲ್ಲಿ ನಿಂತ ಹೆಂಗಸೊಬ್ಬರು ತಮ್ಮ ಮೈಯನ್ನು ತಾವೇ ತಡವಿ ನೋಡಿಕೊಳ್ಳುತ್ತಾರೆ. ಕೂದಲಿಗೆ ಪಿನ್ನಿಲ್ಲ, ಬಟ್ಟೆಯ ಪಟ್ಟಿ. ಅಂಗಿಗೆ ಮರದ ಗುಂಡಿ, ಪೈಜಾಮಕ್ಕೆ ಲಾಡಿ, ಕಾಲಿಗೆ ಮೊಳೆಯಿಲ್ಲದ ರಬ್ಬರ್ ಬೂಟು. ಆಮೇಲೆ ಅವರ ಕೆಲಸ ನೋಡಿ ಬರೆಯಲು ಬಂದ ನನ್ನ ಚಪ್ಪಲಿಯತ್ತ ನೋಡುತ್ತಾರೆ. "ಬಕಲ್ ಇದ್ಯಲ್ಲ ಪುಟ್ಟಾ, ನೀನು ಅಲ್ಲೇ ನಿಂತ್ಕೊ. ಚೂರು ಕಬ್ಬಿಣ ಕಂಡ್ರೂ ಯಂತ್ರ ಅದರ ಪುರಾಣವೇ ಓದ್ತಾ ಕೂತ್ಕೊಳತ್ತೆ."

ಯಂತ್ರವೆಂದರೆ ಅಡ್ಡ ಕೋಲಿಗೆ ಕಟ್ಟಿದ ಎರಡು ಬಿಳಿ ಕೊಳವೆಗಳು. ಅವು ನೆಲದ ಕಾಂತಗುಣವನ್ನು ಅಳೆಯುತ್ತವೆ. ಒಮ್ಮೆ ಚೆನ್ನಾಗಿ ಬೆಂದ ಮಣ್ಣು, ಎಷ್ಟು ಕಾಲ ಹೂತಿದ್ದರೂ, ಸುತ್ತಲಿನ ಮಣ್ಣಿನಂತಿರುವುದಿಲ್ಲ. ಕಟ್ಟಡ ಏಳುವ ಮೊದಲು ನೆಲದಡಿ ಹಳೆಯದೇನಾದರೂ ಇದೆಯೇ ಎಂದು ಅಗೆಯದೆ ನೋಡುವ ತಂಡದಲ್ಲಿ ಇವರದು ನಡೆಯುವ ಕೆಲಸ. ಹಗ್ಗದ ಸಾಲು ಹಿಡಿದು, ಯಂತ್ರ ಕ್ಷಣಕ್ಕೊಮ್ಮೆ ಮಾಡುವ ಸದ್ದಿಗೆ ಹೆಜ್ಜೆ ಹೊಂದಿಸಿ, ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್. ಹೆಜ್ಜೆ ತಪ್ಪಿದರೆ ಅಳತೆಯ ಜಾಗವೂ ತಪ್ಪುತ್ತದೆ. ಜೊತೆಯವರು ಇಟ್ಟ ಹೆಸರು ಗಡಿಯಾರದಕ್ಕ.

ಮೊದಲು ಇದೇ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದರು. ನಡೆಯುವವನು ಕಾಲು ಮುರಿದುಕೊಂಡ ದಿನ ಅವನ ಬದಲಿಗೆ ಹೋದವರು ಮತ್ತೆ ಪೊರಕೆಗೆ ಹಿಂದಿರುಗಲಿಲ್ಲ. ಈಗ ಮಂಡಿ ಸವೆದಿದೆ. "ರಾತ್ರಿ ನಿದ್ದೇಲೂ ಕಾಲು ಸಾಲು ಹಿಡಿದು ಹೋಗ್ತಿರತ್ತೆ. ನಮ್ಮೆಜಮಾನ್ರು ದಿಂಬು ಎತ್ಕೊಂಡು ಹಜಾರಕ್ಕೆ ಹೋಗ್ಬಿಡ್ತಾರೆ," ಎಂದು ನಗುತ್ತಾರೆ.

ಇವತ್ತು ನಗು ಬೇಗ ಮಾಯವಾಗುತ್ತದೆ. ಈ ನಿವೇಶನ ಅವರ ತಾಯಿ ಹುಟ್ಟಿ ಬೆಳೆದ ಕುಂಬಾರರ ಓಣಿ. ಈಗ ಓಣಿಯಿಲ್ಲ, ಹುಲ್ಲು ಮತ್ತು ಒಂದು ಮುಚ್ಚಿದ ಬಾವಿ. ಬಾವಿಯ ಹಿಂದೆ ಮಡಿಕೆ ಸುಡುವ ಆವಿಗೆಯಿತ್ತು, ಅದಕ್ಕಿಂತ ಎಷ್ಟೋ ಹಳೆಯ ಆವಿಗೆಯ ತಳದ ಮೇಲೆ ತಮ್ಮ ಅಪ್ಪ ಅದನ್ನು ಕಟ್ಟಿದ್ದ ಎಂದು ತಾಯಿ ಹೇಳುತ್ತಲೇ ಬಂದಿದ್ದಾರೆ. ಯಾವ ನಕ್ಷೆಯಲ್ಲೂ ಅದಿಲ್ಲ. ತಾಯಿಗೆ ಈಚೆಗೆ ಮರೆವು. ಅಣ್ಣನಂತೂ, "ಅಮ್ಮಂಗೆ ದಿನಕ್ಕೊಂದು ಕಡೆ ಆವಿಗೆ ಏಳತ್ತೆ ಬಿಡೇ," ಎಂದು ಗೇಲಿ ಮಾಡುತ್ತಾರೆ. ಅಳೆಯಲು ಉಳಿದಿರುವುದು ಬಾವಿಯ ಹಿಂದಿನ ತುಂಡು ಮಾತ್ರ. ಅಲ್ಲಿ ಏನೂ ಕಾಣದಿದ್ದರೆ ನಾಳೆ ನೆಲ ಮಟ್ಟ ಮಾಡುವ ಯಂತ್ರಗಳು ಬರುತ್ತವೆ. ಆಮೇಲೆ ಯಾರೂ ಹುಡುಕುವುದಿಲ್ಲ.

ಅವರು ನಡೆಯುತ್ತಾರೆ. ಹೋಗುತ್ತಾ ಒಂದು ಸಾಲು, ಬರುತ್ತಾ ಒಂದು ಸಾಲು. ಮಧ್ಯಾಹ್ನದ ಹೊತ್ತಿಗೆ ವ್ಯಾನಿನಲ್ಲಿ ಕುಳಿತ ಎಂಜಿನಿಯರ್ ಪರದೆಯ ಮೇಲೆ ಚಿತ್ರ ತೆರೆಯುತ್ತಾರೆ. ಬಾವಿಯ ಹಿಂದೆ ದೊಡ್ಡ ಕಪ್ಪು ಕಲೆ. ಅಕ್ಕನ ಕೈ ಬಾಯಿಗೆ ಹೋಗುತ್ತದೆ. ಎಂಜಿನಿಯರ್ ಚಿತ್ರವನ್ನು ಹಿಗ್ಗಿಸುತ್ತಾರೆ. ಕಲೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಒಂದು ಸಾಲು ಆಚೆ, ಒಂದು ಸಾಲು ಈಚೆ ಸರಿದಿದೆ.

"ಅಕ್ಕಾ, ಗಡಿಯಾರ ಇವತ್ತು ಮುಂದೆ ಓಡಿದೆ."

ಹೌದು. ಬಾವಿ ದಾಟುತ್ತಲೇ ಅವರ ಹೆಜ್ಜೆ ಸದ್ದಿಗಿಂತ ಮುಂದೆ ಬಿದ್ದಿತ್ತು.

"ಹೀಗೇ ಕಳ್ಸೋಣ್ವಾ? ಕಲೆ ದೊಡ್ಡದಾಗೇ ಕಾಣತ್ತೆ," ಎನ್ನುತ್ತಾರೆ ಎಂಜಿನಿಯರ್.

"ನಮ್ಮಮ್ಮನ ಆವಿಗೆ ನನ್ನ ಕಾಲಿಂದ ದಪ್ಪ ಆಗೋದು ಬೇಡ. ಅಳಿಸಿ ಸರ್."

ಮತ್ತೆ ಹಗ್ಗ, ಮತ್ತೆ ಸಾಲು. ಈ ಸಲ ಅವರ ತುಟಿ ಅಲುಗುತ್ತಿದೆ, ಸದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಾರೆ. ಬಾವಿಯ ಹತ್ತಿರ ಬಂದಾಗ ಕತ್ತು ಕೂಡ ಆ ಕಡೆ ತಿರುಗುವುದಿಲ್ಲ. ಸಂಜೆ ತೆರೆದ ಚಿತ್ರದಲ್ಲಿ ಕಲೆ ಅರ್ಧಕ್ಕಿಳಿದಿದೆ. ಆದರೆ ಅಂಚು ದುಂಡಗಿದೆ, ಬಳೆಯಂತೆ, ಒಂದು ಕಡೆ ಮಾತ್ರ ಒಡೆದಿದೆ. ಎಂಜಿನಿಯರ್ ಫೋನು ತೆಗೆದುಕೊಂಡು ಹೊರಗೆ ಹೋಗುತ್ತಾರೆ. ಮರಳಿ ಬಂದು, "ನಾಳೆ ಯಂತ್ರ ಬರಲ್ಲ. ಅಗೆಯೋರು ಬರ್ತಾರೆ," ಎನ್ನುತ್ತಾರೆ.

ಮನೆಯಲ್ಲಿ ತಾಯಿ ಕಿಟಕಿಯ ಪಕ್ಕದ ಮಂಚದ ಮೇಲಿದ್ದಾರೆ. ಮಗಳು ಆ ಚಿತ್ರ ಮುದ್ರಿಸಿದ ಕಾಗದವನ್ನು ಅವರ ಮುಂದೆ ಹಿಡಿಯುತ್ತಾರೆ.

"ಇದೇನೇ, ಮಸಿ ಚೆಲ್ಕೊಂಡ್ಯಾ?"

"ಆವಿಗೆ ಅಮ್ಮಾ. ನಿಮ್ಮದು."

ತಾಯಿ ಬಹಳ ಹೊತ್ತು ನೋಡುತ್ತಾರೆ. ಬಾಗಿಲಲ್ಲಿ ನಿಂತ ಅಣ್ಣ ಹತ್ತಿರ ಬಂದು ಬಗ್ಗುತ್ತಾರೆ. ಆಮೇಲೆ ಮುದುಕಿಯ ಬೆರಳು ನಿಧಾನವಾಗಿ ದುಂಡನ್ನು ಸುತ್ತಿ, ಬಳೆ ಒಡೆದ ಜಾಗದಲ್ಲಿ ನಿಲ್ಲುತ್ತದೆ. "ಬೆಂಕಿ ಹಾಕೋ ಬಾಯಿ ಇಲ್ಲಿತ್ತು. ಅಪ್ಪ ಗಾಳಿಗೆ ಬೆನ್ನು ಕೊಟ್ಟು ಇಲ್ಲೇ ಕೂರ್ತಿದ್ದ. ನನ್ನನ್ನ ಹತ್ರ ಬಿಟ್ಕೊಳ್ತಿರ್ಲಿಲ್ಲ, ಲಂಗ ಹತ್ಕೊಳತ್ತೆ ಅಂತ." ಚಿತ್ರದಲ್ಲಿ ಬಳೆ ಒಡೆದಿರುವುದನ್ನು ತಾಯಿಗೆ ಯಾರೂ ತೋರಿಸಿರಲಿಲ್ಲ.

ಅಂಗಳಕ್ಕೆ ಬಂದಾಗ, ಏನಾದರೂ ಆಸೆ ಇದೆಯೇ ಎಂದು ಗಡಿಯಾರದಕ್ಕನನ್ನು ಕೇಳುತ್ತೇನೆ. ಅವರು ಬೂಟಿನ ಮಣ್ಣು ಕೊಡವುತ್ತಾ ಯೋಚಿಸುತ್ತಾರೆ.

"ಅಗೆಯೋರು ಆ ಬಾಯಿ ಕಡೆಯಿಂದ ಶುರು ಮಾಡ್ಲಿ ಅಷ್ಟೆ. ಮೆಲ್ಲಗೆ. ಅಲ್ಲಿ ತಾತ ಕೂತಿದ್ರಲ್ಲ."