ದೂರದ ಸಂಬಂಧಿ

ಇವತ್ತು ಬೆಳಿಗ್ಗೆ ಅಕ್ಕಿ ಮೂಟೆ ಸರಿಸಿದಾಗ ಹಿಂದಿನಿಂದ ಒಂದು ಪ್ಲಾಸ್ಟಿಕ್ ಹಲಗೆ ಜಾರಿ ಬಿತ್ತು. ಅದರ ಮೇಲೆ ನಮ್ಮಣ್ಣನ ನಗುಮುಖ. ಕೆನಡಾದಲ್ಲಿ ಚುನಾವಣೆ ಬಂದರೆ ಮನೆ ಮುಂದಿನ ಹುಲ್ಲಿನಲ್ಲಿ ಇಂಥವನ್ನು ನೆಡುತ್ತಾರಂತೆ. ಮಲೇಷ್ಯಾದ ಕ್ಲಾಂಗ್ ಬಂದರಿನ ನನ್ನ ಊಟದಂಗಡಿಯ ಮುಂದೆ ಹುಲ್ಲೂ ಇಲ್ಲ, ನನ್ನ ಗಿರಾಕಿಗಳಿಗೆ ಅಲ್ಲಿ ಓಟೂ ಇಲ್ಲ.

ಅಣ್ಣ ಅಲ್ಲಿ ವಕೀಲನಾಗಿದ್ದವನು, ಆಮೇಲೆ ಶಾಸಕನಾದ. ಪಕ್ಷದಲ್ಲಿ ಇದ್ದಷ್ಟು ದಿನ ಅವನ ಫೋಟೋ ನನ್ನ ಗಲ್ಲಾದ ಮೇಲೆ, ಗಣಪತಿಯ ಪಕ್ಕದಲ್ಲೇ ಇತ್ತು. ಊಟಕ್ಕೆ ಬಂದವರಿಗೆಲ್ಲ ಅವನ ವಿಷಯ ಉಚಿತ, ಹಪ್ಪಳದ ಹಾಗೆ. ಅಷ್ಟರಲ್ಲಿ ಕೊರೋನಾ ಬಂತು. ವೃದ್ಧಾಶ್ರಮಗಳಲ್ಲಿ ಮುದುಕರು ಸತ್ತದ್ದಕ್ಕೆ ತನಿಖೆ ಬೇಡ ಎಂದಿತು ಅವನ ಪಕ್ಷ. ಬೇಕೇ ಬೇಕು ಎಂದು ಇವನೊಬ್ಬ ಎದ್ದು ನಿಂತ. ಹೊರಗೆ ಹಾಕಿದರು. ಸತ್ತವರು ಓಟು ಹಾಕುವುದಿಲ್ಲ ಎನ್ನುವಷ್ಟು ರಾಜಕೀಯ, ಏಳನೇ ಕ್ಲಾಸನ್ನು ಎರಡು ಸಲ ಓದಿ ಬಿಟ್ಟ ನನಗೂ ಗೊತ್ತಿತ್ತು. ಫೋಟೋ ಇಳಿದು ಮಸಾಲೆ ಡಬ್ಬಿಗಳ ಹಿಂದೆ ಹೋಯಿತು. ಗಣಪತಿಗೆ ಕಾಲು ಚಾಚಲು ಜಾಗವಾಯಿತು.

ಮುಂದಿನ ಚುನಾವಣೆಗೆ ಪಕ್ಷೇತರನಾಗಿ ನಿಂತ. ಆಗ ಸಭೆಗಳೆಲ್ಲ ವಿಡಿಯೋದಲ್ಲಿ. ಪದವಿ ಸಿಗದ ಸಿಟ್ಟಿಗೆ ಹೀಗೆ ಆಡುತ್ತಾನೆ ಎಂದು ಅಲ್ಲಿ ಮಾತಾಗುತ್ತಿತ್ತಂತೆ. ನನಗೆ ಫೋನು ಮಾಡಿದ.

"ಇವನು ಚಿಕ್ಕಂದಿನಿಂದ್ಲೂ ಹೀಗೇ ಅಂತ ಎರಡು ಮಾತು ಹೇಳೇ. ನಂಗಿರೋ ಸಾಕ್ಷಿ ನೀನೊಬ್ಳೇ. ಕನ್ನಡದಲ್ಲೇ ಹೇಳು, ಇಂಗ್ಲಿಷ್ ನಾನು ಮಾಡ್ತೀನಿ."

ಸಾಕ್ಷಿಯೇನೋ ಹೌದು. ನಾನು ಒಡೆಯದ ಕಿಟಕಿ ಗಾಜಿಗಾಗಿ ಹೆಡ್‌ಮಾಸ್ತರರು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಅವನು ತನ್ನ ಕ್ಲಾಸು ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದ, ಇವಳನ್ನು ಒಳಗೆ ಕರೆಯುವ ತನಕ ನಾನೂ ಬರುವುದಿಲ್ಲ ಎಂದು. ಅಷ್ಟು ಹೇಳಿದ್ದರೆ ಸಾಕಿತ್ತು, ಅಲ್ಲವೇ?

ಸಭೆಯ ಹೊತ್ತಿಗೆ ಅವರಿಗೆ ಸಂಜೆ, ನಮಗೆ ಬೆಳಿಗ್ಗೆ. ಪರದೆಯ ತುಂಬ ನಲವತ್ತು ಮುಖ. ಸರಿಯಾಗಿ ನನ್ನ ಸರದಿಗೆ ಒಬ್ಬರು ಹೊಸ ಗಿರಾಕಿ ಬಂದರು, ಶಿಪ್ಪಿಂಗ್ ಕಂಪನಿ ಮ್ಯಾನೇಜರರ ಹೆಂಡತಿ. ನಾನು ಕ್ಯಾಮೆರಾ ಆರಿಸಿದೆ. ಕಣ್ಣು ಮುಚ್ಚಿದರೆ ಕಿವಿಯೂ ಮುಚ್ಚುತ್ತದೆ ಎಂದು ನನ್ನ ತಿಳಿವಳಿಕೆ.

"ಎರಡು ಬಿಸಿಬೇಳೆಬಾತ್ ತಪಾವ್ ಮಾಡಿ," ಎಂದು ಕಟ್ಟಿಸಿಕೊಂಡು ಹೋಗಲು ಡಬ್ಬ ಚಾಚಿದರು. "ಅಲ್ಲಾ, ಕೆನಡಾದಲ್ಲಿ ಯಾರನ್ನೋ ಪಾರ್ಟಿಯಿಂದ ಓಡಿಸಿದ್ರಂತಲ್ಲ, ಅವ್ರು ನಿಮ್ಮಣ್ಣ ಅಂತೆ?"

"ಇಲ್ಲ ಲಾ. ದೂರದ ಸಂಬಂಧ," ಎಂದೆ, ಇಲ್ಲಿಯವರ ಹಾಗೆ ಮಾತಿಗೊಂದು ಲಾ ಸೇರಿಸಿ.

ಪರದೆ ನೋಡಿದೆ. ಮೈಕ್ ಆನ್ ಆಗಿಯೇ ಇತ್ತು. ನಲವತ್ತು ಮುಖಗಳಲ್ಲಿ ಕನ್ನಡ ಬರುತ್ತಿದ್ದದ್ದು ಒಂದಕ್ಕೇ. ಅದು ತಲೆ ತಗ್ಗಿಸಿತ್ತು. ಉಳಿದವು ನಗುತ್ತ ನನ್ನ ಮಾತಿನ ಇಂಗ್ಲಿಷಿಗಾಗಿ ಕಾಯುತ್ತಿದ್ದವು. ತಂಗಿಗೆ ಗಿರಾಕಿಗಳ ಗಲಾಟೆ, ಕ್ಷಮಿಸಿ ಎಂದ ಅಣ್ಣ. ಬಿಸಿಲಿನಲ್ಲಿ ಇನ್ನೊಂದು ಸಲ ನನ್ನ ಪಕ್ಕ ನಿಂತ ಹಾಗೆ.

ಸೋತ. ನನ್ನಿಂದಲೇ ಸೋತ ಎನ್ನುವಷ್ಟು ದೊಡ್ಡವಳಲ್ಲ ನಾನು. ಉಳಿದ ಹಲಗೆಗಳಲ್ಲಿ ಒಂದನ್ನು ನನಗೆ ಕಳಿಸಿದ. ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ, ಆ ವಿಷಯ ಅವನು ಎತ್ತಿಲ್ಲ. ಹಲಗೆಯ ಬೆನ್ನಿಗೆ ಮಾತ್ರ ಬರೆದಿದ್ದ: ದೂರದ ಸಂಬಂಧಿಯಿಂದ, ಪ್ರೀತಿಯೊಂದಿಗೆ. ಅದು ಮೂಟೆಯ ಹಿಂದೆ ಸೇರಿದ್ದು ಅದಕ್ಕೇ.

ಇವತ್ತು ಒರೆಸಿ ಗಲ್ಲಾದ ಮೇಲೆ ನಿಲ್ಲಿಸಿದೆ. ಗಣಪತಿ ಸ್ವಲ್ಪ ಒತ್ತಿಕೊಂಡು ಕೂತ. ಅಣ್ಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಹಲೋ ಎಂದ. ಅಷ್ಟರಲ್ಲಿ ತಟ್ಟೆ ಹಿಡಿದು ನಿಂತಿದ್ದ ಕಾಲೇಜು ಹುಡುಗಿ ಹಲಗೆ ನೋಡಿ ಯಾರಿದು ಆಂಟಿ ಎಂದಳು.

"ನಮ್ಮಣ್ಣ," ಅಂದೆ, ಅಂಗಡಿಗೆಲ್ಲ ಕೇಳುವ ಹಾಗೆ. "ಒಡಹುಟ್ಟಿದವನು."

ಫೋನಿನಿಂದ ಅಣ್ಣನ ದನಿ ಬಂತು.

"ಮೈಕ್ ಆನ್ ಇದೆ ಕಣೇ."

"ಗೊತ್ತು," ಅಂದೆ.